ಕಿವಿಗೆ ಒಂದೇ, ಬರೆದರೆ ಬೇರೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಇಂಗ್ಲಿಷ್ ಪ್ರಶ್ನೆಗಳು

ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಡೊಂಬಿವಲಿಯಿಂದ ಲೋಕಲ್ ಹಿಡಿದು ಫೋರ್ಟಿನ ಆಫೀಸಿಗೆ ಹೋಗುವವರು, ಮಕ್ಕಳ ಹೋಮ್‌ವರ್ಕ್ ನೋಡುವ ತಾಯಂದಿರು, ಬೇಡವೆಂದರೂ ಸೊಸೈಟಿಯ ಸೆಕ್ರೆಟರಿ ಆದವರು ಸಂಜೆ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಇಂಗ್ಲಿಷ್ ಸ್ಪೆಲ್ಲಿಂಗನ್ನು ಬಾಯಲ್ಲಿ ಹೇಳುವ ಹಾಗೆ ‘ಎ’, ‘ಬಿ’, ‘ಸಿ’ ಎಂದೇ ಬರೆದಿದ್ದೇನೆ. ಓದುವಾಗ ನೀವೂ ಗಟ್ಟಿಯಾಗಿ ಹೇಳಿಕೊಳ್ಳಿ. ರೈಲಿನಲ್ಲಿ ಓದುತ್ತಿದ್ದರೆ ತುಟಿ ಅಲ್ಲಾಡಿಸಿದರೂ ಸಾಕು.

ಇಷ್ಟು ವರ್ಷ ಇಂಗ್ಲಿಷ್ ಓದಿದ್ದೇವೆ. ಆದರೂ ಈ ಜೋಡಿ ಪದಗಳು ಯಾಕೆ ತಲೆಗೆ ಹತ್ತುವುದಿಲ್ಲ?

ಬೇರೆ ಬೇರೆ ಜಾತಿಯ ಗೊಂದಲಗಳನ್ನು ಒಂದೇ ಪಟ್ಟಿಗೆ ಹಾಕಿ ಬಾಯಿಪಾಠ ಮಾಡಿಸುತ್ತಾರೆ, ಅದಕ್ಕೆ.

ಕೆಲವು ಜೋಡಿಗಳು ಇಂಗ್ಲಿಷಿನಲ್ಲೇ ಒಂದೇ ಉಚ್ಚಾರದವು. ಹಿಟ್ಟಿನ ಫ್ಲವರ್ ಮತ್ತು ಹೂವಿನ ಫ್ಲವರ್, ರೈಲಿನ ಬರ್ತ್ ಮತ್ತು ಹುಟ್ಟಿನ ಬರ್ತ್ ಇಂಥವು. ಲಂಡನ್ನಿನಲ್ಲಿ ಹುಟ್ಟಿದವನಿಗೂ ಇವು ಕಿವಿಗೆ ಬೇರೆಯಾಗಿ ಕೇಳುವುದಿಲ್ಲ, ಅವನೂ ಬರೆಯುವಾಗ ತಪ್ಪುತ್ತಾನೆ. ಇಲ್ಲಿ ಕಿವಿಯನ್ನು ನಂಬಿ ಉಪಯೋಗವಿಲ್ಲ. ಪದ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡಬೇಕು.

ಇನ್ನು ಕೆಲವು ಒಂದಾಗುವುದು ನಮ್ಮ ಬಾಯಲ್ಲಿ ಮಾತ್ರ. ಬೆಲೆಯ ಪ್ರೈಸ್ ಮತ್ತು ಬಹುಮಾನದ ಪ್ರೈಸ್, ದಿಕ್ಕಿನ ವೆಸ್ಟ್ ಮತ್ತು ಬನಿಯನ್ನಿನ ವೆಸ್ಟ್ ಇಂಗ್ಲಿಷಿನವರಿಗೆ ಎಂದೂ ಒಂದಲ್ಲ. ಇವುಗಳಿಗೆ ಮೊದಲು ನಾಲಿಗೆ, ಕಿವಿ ಸರಿ ಮಾಡಿಕೊಳ್ಳಿ, ಸ್ಪೆಲ್ಲಿಂಗ್ ಹಿಂದೆಯೇ ಬರುತ್ತದೆ. ಯಾವ ಜೋಡಿ ಯಾವ ಜಾತಿಯದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

‘ಅಂಧೇರಿ ವೆಸ್ಟ್’ ಎಂದು ಹೇಳಿದರೆ ಆಫೀಸಿನಲ್ಲಿ ಒಬ್ಬರು ಮುಸಿಮುಸಿ ನಗುತ್ತಾರೆ. ಏನು ತಪ್ಪು?

ನಮ್ಮ ‘ವ’ ಇಂಗ್ಲಿಷಿನ ‘ವಿ’ಯೂ ಅಲ್ಲ, ‘ಡಬ್ಲ್ಯೂ’ವೂ ಅಲ್ಲ, ಎರಡರ ನಡುವಿನದು. ‘ವಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಸಣ್ಣಗೆ ಗಾಳಿ ಉಜ್ಜಬೇಕು. ‘ಡಬ್ಲ್ಯೂ’ಗೆ ಹಲ್ಲಿನ ಕೆಲಸವೇ ಇಲ್ಲ, ಸಿಳ್ಳೆ ಹೊಡೆಯುವಂತೆ ತುಟಿ ದುಂಡಗಾಗಬೇಕು. ಹಲ್ಲು ತಾಗಿಸಿ ‘ಅಂಧೇರಿ ವೆಸ್ಟ್’ ಎಂದರೆ ಅಂಧೇರಿ ಬನಿಯನ್ ಆಗುತ್ತದೆ. ನಕ್ಕವರು ನಕ್ಕದ್ದು ಅದಕ್ಕೇ ಇರಬೇಕು, ಅವರು ಹೇಳುವುದೂ ಹಾಗೆಯೇ ಇದ್ದರೂ ಆಶ್ಚರ್ಯವಿಲ್ಲ. ರಿಕ್ಷಾದವನಂತೂ ಯಾವ ವೆಸ್ಟ್ ಹೇಳಿದರೂ ಸರಿಯಾದ ಕಡೆ ಬಿಡುತ್ತಾನೆ. ತೊಂದರೆ ಬರೆಯುವಾಗ. ಕುಡಿಯುವ ವೈನಿಗೆ ‘ಡಬ್ಲ್ಯೂ’, ದ್ರಾಕ್ಷಿ ಬಳ್ಳಿಯ ವೈನಿಗೆ ‘ವಿ’. ಒದ್ದೆಗೆ ‘ಡಬ್ಲ್ಯೂ’, ದನದ ಡಾಕ್ಟರಿಗೆ ‘ವಿ’.

ಈಸ್ಟ್ ಕಡೆಗೂ ಒಂದು ಗುಂಡಿ ಉಂಟು. ಪದದ ಮೊದಲಿಗೆ ಎ, ಈ ಬಂದರೆ ಕನ್ನಡದ ಬಾಯಿ ತಾನಾಗಿಯೇ ಒಂದು ‘ಯ’ ಸೇರಿಸುತ್ತದೆ. ಎಲ್ಲಿ ಎನ್ನುವುದನ್ನು ಯೆಲ್ಲಿ ಎನ್ನುತ್ತೇವಲ್ಲ, ಹಾಗೆ. ಇದರಿಂದ ಪೂರ್ವದ ಈಸ್ಟ್ ಮತ್ತು ಬೇಕರಿಯ ಈಸ್ಟ್ ನಮಗೆ ಒಂದೇ. ಕಿವಿ ಎಂಬರ್ಥದ ಪದವೂ ವರ್ಷ ಎಂಬರ್ಥದ ಪದವೂ ‘ಇಯರ್’. ಹಿಟ್ಟು ಉಬ್ಬಿಸುವುದಕ್ಕೆ ಮತ್ತು ವರ್ಷಕ್ಕೆ ‘ವೈ’ ಬೇಕು, ನಾಲಿಗೆಯ ನಡು ಅಂಗುಳಿನತ್ತ ಒತ್ತಿ ಹೇಳಬೇಕು. ದಿಕ್ಕಿಗೂ ಕಿವಿಗೂ ‘ವೈ’ ಬೇಡ, ಬಾಯಿ ತೆರೆದು ಸೀದಾ ಸ್ವರವನ್ನೇ ಹೇಳಿ.

ಪ್ರೈಸ್ ಎಂದರೆ ಬೆಲೆಯೋ, ಬಹುಮಾನವೋ?

‘ಸಿ’ ಹಾಕಿದರೆ ಬೆಲೆ, ‘ಝಡ್’ ಹಾಕಿದರೆ ಬಹುಮಾನ. ಪ್ರಶ್ನೆ ಚಿಕ್ಕದು, ಅದರ ಹಿಂದಿರುವ ಕುಟುಂಬ ದೊಡ್ಡದು.

ಕನ್ನಡದಲ್ಲಿ ‘ಝಡ್’ ಧ್ವನಿ ಇಲ್ಲ. ‘ಜ’ದ ಕೆಳಗೆ ಎರಡು ಚುಕ್ಕಿ ಇಟ್ಟು ಬರೆಯುವ ಕ್ರಮವಿದೆ, ಆದರೆ ದಿನಬಳಕೆಯಲ್ಲಿ ಅದನ್ನು ಇಡುವವರು ತೀರಾ ಕಡಿಮೆ. ಪದದ ಮೊದಲಲ್ಲಿ ಅದನ್ನು ‘ಜ’ ಮಾಡುತ್ತೇವೆ, ಕೊನೆಯಲ್ಲಿ ‘ಸ್’ ಮಾಡುತ್ತೇವೆ. ಕೊನೆಯಲ್ಲಿ ಮಾಡುವುದೇ ಹೆಚ್ಚು ಪೆಟ್ಟು ಕೊಡುವುದು. ಅನ್ನದ ರೈಸ್ ಮತ್ತು ಏರುವ ರೈಸ್, ಮಂಜುಗಡ್ಡೆಯ ಐಸ್ ಮತ್ತು ಕಣ್ಣುಗಳ ಐಸ್, ಓಟದ ರೇಸ್ ಮತ್ತು ಎತ್ತುವ ರೇಸ್, ಬಸ್ಸು ಮತ್ತು ಜೇನಿನ ಗುಂಯ್‌ಗುಡುವ ಬಸ್ — ಎಲ್ಲದರಲ್ಲೂ ಮೊದಲನೆಯದಕ್ಕೆ ‘ಸ’, ಎರಡನೆಯದಕ್ಕೆ ‘ಝಡ್’ ಧ್ವನಿ. ಸ್ಪೆಲ್ಲಿಂಗಿನಲ್ಲಿ ‘ಎಸ್’ ಇದ್ದರೂ ಧ್ವನಿ ‘ಝಡ್’ ಆಗಿರಬಹುದು, ಏರುವ ರೈಸ್‌ನಲ್ಲಿ ಇರುವ ಹಾಗೆ.

ಗುರುತಿಸಲು ಬೆರಳನ್ನು ಗಂಟಲಿನ ಮೇಲಿಡಿ. ‘ಸ್’ ಎಂದರೆ ಗಂಟಲು ಸುಮ್ಮನಿರುತ್ತದೆ. ‘ಝಡ್’ ಧ್ವನಿಗೆ ಅದು ನಡುಗುತ್ತದೆ. ಇದಕ್ಕಿಂತ ಸುಲಭದ್ದು ಇನ್ನೊಂದಿದೆ: ‘ಝಡ್’ ಧ್ವನಿಯ ಮುಂಚಿನ ಸ್ವರವನ್ನು ತುಸು ಎಳೆಯಿರಿ. ಬೆಲೆಯ ಪ್ರೈಸ್ ಚಿಕ್ಕದಾಗಿ ಕಡಿದು ಬೀಳುತ್ತದೆ, ಬಹುಮಾನದ್ದು ಉದ್ದಕ್ಕೆ ಹೋಗುತ್ತದೆ. ಇಂಗ್ಲಿಷ್ ಮಾತಾಡುವವರ ಕಿವಿಗೆ ಆ ಎಳೆತದಿಂದಲೇ ಬಹಳಷ್ಟು ವ್ಯತ್ಯಾಸ ತಿಳಿಯುತ್ತದೆ.

ಹೋಟೆಲಿನವರಿಗೆ ಮುಖ್ಯವಾದದ್ದು ಪೀಸ್. ತುಂಡಿನ ಪೀಸ್ ಮತ್ತು ಶಾಂತಿಯ ಪೀಸ್ ಇಂಗ್ಲಿಷಿನಲ್ಲೂ ಒಂದೇ ಉಚ್ಚಾರ. ಬಟಾಣಿಯದು ಮಾತ್ರ ‘ಝಡ್’ ಧ್ವನಿಯಲ್ಲಿ ಮುಗಿಯುತ್ತದೆ, ಸ್ಪೆಲ್ಲಿಂಗ್ ಪಿ-ಇ-ಎ-ಎಸ್. ಮೆನುವಿನಲ್ಲಿ ಪಿ-ಇ-ಎ-ಸಿ-ಇ ಎಂದು ಅಚ್ಚಾದರೆ ಅದು ಹಸಿರು ಶಾಂತಿ ಮಸಾಲ. ಗಿರಾಕಿ ತಿಂದು ಹೋಗುತ್ತಾನೆ, ಆದರೆ ಮೊದಲು ಫೋಟೋ ತೆಗೆಯುತ್ತಾನೆ.

ಲೂಸ್‌ಗೆ ಎಷ್ಟು ‘ಒ’?

ಪ್ಯಾಂಟು ಲೂಸು, ಡೈರಿಯಲ್ಲಿ ಸಿಗುವ ಲೂಸ್ ಹಾಲು, ಅವನೊಬ್ಬ ಲೂಸು — ನಾವು ದಿನಾ ಬಳಸುವ ಇವೆಲ್ಲ ಎರಡು ‘ಒ’ ಇರುವ ಸಡಿಲದ ಲೂಸ್. ಕಳೆದುಕೊಳ್ಳುವ ಲೂಸ್‌ಗೆ ಒಂದೇ ‘ಒ’, ಕೊನೆಯಲ್ಲಿ ‘ಝಡ್’ ಧ್ವನಿ. ಇನ್ನೊಂದು ‘ಒ’ ಅದು ಕಳೆದುಕೊಂಡಿದೆ ಎಂದುಕೊಳ್ಳಿ, ಮರೆಯುವುದಿಲ್ಲ.

ಮಗ ಮರಾಠಿ ಮೀಡಿಯಮ್. ಅವನು ಸೆಲ್, ಸೇಲ್ ಎರಡನ್ನೂ ಒಂದೇ ತರ ಹೇಳುತ್ತಾನೆ. ನಮಗೆ ಬೇರೆಯಾಗಿ ಕೇಳುತ್ತದೆ. ಯಾರು ಸರಿ?

ಇಲ್ಲಿ ನೀವು ಸರಿ. ಕನ್ನಡದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಬೇರೆ ಬೇರೆ ಅಕ್ಷರಗಳಾಗಿಯೇ ಇವೆ. ಮರಾಠಿಗೆ ದಿನಬಳಕೆಯಲ್ಲಿ ಒಂದೇ ಏ-ಕಾರ. ಪೆನ್ನಿಗೂ ನೋವಿನ ಪೇನ್‌ಗೂ ಮರಾಠಿಯಲ್ಲಿ ಬರೆಯುವ ಅಕ್ಷರ ಒಂದೇ. ದಾದರ್ ಮಾರ್ಕೆಟಿನ ಬೋರ್ಡಿನಲ್ಲಿ ದೇವನಾಗರಿಯಲ್ಲಿ ‘ಸೇಲ್’ ಎಂದಿದ್ದರೆ ಅದು ರಿಯಾಯಿತಿ ಮಾರಾಟವೋ, ಗಡಿಯಾರದ ಸೆಲ್ಲೋ ಎಂದು ಅಂಗಡಿ ನೋಡಿಯೇ ತಿಳಿಯಬೇಕು. ಮಗನಿಗೆ ಕನ್ನಡದಲ್ಲಿ ಬರೆದು ತೋರಿಸಿ: ಟೆಸ್ಟ್ ಪರೀಕ್ಷೆ, ಟೇಸ್ಟ್ ರುಚಿ, ಲೆಟ್ ಬಿಡು, ಲೇಟ್ ತಡ, ಪೆಪ್ಪರ್ ಕಾಳುಮೆಣಸು, ಪೇಪರ್ ಕಾಗದ. ಮನೆಯಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರಿಗೂ ಇದನ್ನೇ ತೋರಿಸಬಹುದು.

ಮರಾಠಿಯಿಂದ ನಾವು ಕಲಿಯಬೇಕಾದದ್ದೂ ಉಂಟು. ಇಂಗ್ಲಿಷಿನ ಹಾಲ್, ಡಾಕ್ಟರ್, ಆಫೀಸ್‌ಗಳಲ್ಲಿ ಬರುವ, ಆ-ಓ ನಡುವಿನ ಸ್ವರಕ್ಕೆ ಮರಾಠಿಯವರು ಅರ್ಧಚಂದ್ರ ಹಾಕಿ ಬೇರೆಯೇ ಅಕ್ಷರ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಅದಿಲ್ಲ. ಸೆಲ್ ಸೇಲ್ ಇನ್ನೂ ಸ್ವಲ್ಪ ಬಿಡಿಸಬೇಕೆಂದರೆ: ಮಾರುವ ಸೆಲ್, ಬ್ಯಾಟರಿಯ ಸೆಲ್ ಎರಡೂ ಒಂದೇ ಉಚ್ಚಾರ. ಮಾರಾಟದ ಸೇಲ್, ಹಡಗಿನ ಹಾಯಿಯ ಸೇಲ್ ಎರಡೂ ಒಂದೇ ಉಚ್ಚಾರ. ಅಲ್ಲಿ ಯಾವ ಭಾಷೆಯ ಕಿವಿಯೂ ಸಹಾಯಕ್ಕೆ ಬರುವುದಿಲ್ಲ.

ಮೆನು ಕಾರ್ಡ್ ಪ್ರೆಸ್ಸಿಗೆ ಕೊಡುವ ಮುಂಚೆ ಯಾವ ಪದಗಳನ್ನು ನೋಡಬೇಕು?

ಫ್ಲವರ್ ಮೊದಲು. ಎಫ್-ಎಲ್-ಒ-ಯು-ಆರ್ ಹಿಟ್ಟು, ಎಫ್-ಎಲ್-ಒ-ಡಬ್ಲ್ಯೂ-ಇ-ಆರ್ ಹೂವು. ಕಾಲಿಫ್ಲವರ್ ಹೂವಿನ ಕಡೆಯದು, ಕಾರ್ನ್‌ಫ್ಲವರ್ ಹಿಟ್ಟಿನ ಕಡೆಯದು. ಗೋಬಿ ಮಂಚೂರಿಯ ಸಾಮಾನಿನ ಪಟ್ಟಿಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ, ಆದ್ದರಿಂದ ಎಡವುವುದೂ ಅಲ್ಲೇ. ತಮಾಷೆಯೆಂದರೆ ಹಿಂದೆ ಇವೆರಡೂ ಒಂದೇ ಪದ. ಬೀಸಿದ್ದರಲ್ಲಿ ಮೇಲ್ತರದ, ನಯವಾದ ಭಾಗವನ್ನು ಹೂವು ಎಂದು ಕರೆಯುತ್ತಿದ್ದರು, ಆಮೇಲೆ ಸ್ಪೆಲ್ಲಿಂಗ್ ಬೇರೆಯಾಯಿತು.

ಊಟದ ಕೊನೆಯ ಸಿಹಿಗೆ ಎರಡು ‘ಎಸ್’, ಮರುಭೂಮಿಗೆ ಒಂದು. ಹೇಳುವಾಗ ಸಿಹಿಗೆ ಒತ್ತು ಎರಡನೆಯ ಭಾಗದ ಮೇಲೆ, ಮರುಭೂಮಿಗೆ ಮೊದಲ ಭಾಗದ ಮೇಲೆ. ಸುತ್ತಿ ಕೊಡುವ ರೋಲ್‌ಗೆ ಎರಡು ‘ಎಲ್’. ಹಾಜರಿ ಪುಸ್ತಕದ ರೋಲ್ ನಂಬರೂ ಅದೇ. ನಾಟಕದ ಪಾತ್ರಕ್ಕೆ ಆರ್-ಒ-ಎಲ್-ಇ. ಬಿಲ್ಲಿಲ್ಲದೆ ಕೊಡುವ ಕಾಂಪ್ಲಿಮೆಂಟರಿ ತಿಂಡಿಗೆ ನಡುವೆ ‘ಐ’. ಅಲ್ಲಿ ‘ಇ’ ಹಾಕಿದರೆ ಒಂದಕ್ಕೊಂದು ಪೂರಕ ಎಂಬರ್ಥ. ಕಂಪ್ಲೀಟ್‌ನಲ್ಲೂ ಅದೇ ‘ಇ’ ಇದೆ ನೋಡಿ. ಲಾಡ್ಜಿನ ಬೋರ್ಡುಗಳಲ್ಲಿ ಈ ತಪ್ಪು ಎಷ್ಟು ಸಾಮಾನ್ಯವೆಂದರೆ ಸರಿಯಾದ ಬೋರ್ಡು ಕಂಡರೆ ನಾನು ನಿಂತು ನೋಡುತ್ತೇನೆ.

ಪುಣೆಯ ಬಾರ್‌ನಲ್ಲಿ ಡಿ-ಆರ್-ಎ-ಯು-ಜಿ-ಎಚ್-ಟಿ ಬಿಯರ್ ಎಂದಿತ್ತು. ‘ಡ್ರಾಟ್’ ಎಂದೆ, ವೇಟರ್ ಮುಖ ನೋಡಿದ.

ಅದು ‘ಡ್ರಾಫ್ಟ್’. ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟಿನ ಉಚ್ಚಾರವೇ, ಏನೂ ವ್ಯತ್ಯಾಸವಿಲ್ಲ. ಬ್ರಿಟಿಷ್ ರೂಢಿಯಲ್ಲಿ ಪೀಪಾಯಿಯಿಂದ ಎಳೆದು ಕೊಡುವ ಬಿಯರಿಗೆ ಉದ್ದ ಸ್ಪೆಲ್ಲಿಂಗ್. ಬ್ಯಾಂಕಿಗೆ, ಕರಡು ಪತ್ರಕ್ಕೆ ಎಫ್-ಟಿ. ಅಮೆರಿಕದವರು ಎರಡಕ್ಕೂ ಎಫ್-ಟಿ ಹಾಕಿ ಕೈತೊಳೆದುಕೊಂಡಿದ್ದಾರೆ. ‘ಎ’ ಬದಲು ‘ಒ’ ಹಾಕಿ ಡಿ-ಆರ್-ಒ-ಯು-ಜಿ-ಎಚ್-ಟಿ ಬರೆದರೆ ಡ್ರೌಟ್, ಬರಗಾಲ. ಬಿಯರ್ ಅಂಗಡಿಗೆ ಇದಕ್ಕಿಂತ ಅಪಶಕುನ ಬೇರೆ ಬೇಡ.

ಸ್ಟೇಷನರಿ ಅಂಗಡಿಗೆ ‘ಎ’ಯೋ ‘ಇ’ಯೋ?

‘ಇ’. ಪೇಪರ್ ಮುಗಿಯುವುದು ಇ-ಆರ್‌ನಲ್ಲಿ, ಸ್ಟೇಷನರಿಯಲ್ಲೂ ಅದೇ ಇ-ಆರ್ ಇಟ್ಟುಕೊಳ್ಳಿ. ಅಲ್ಲಾಡದೆ ನಿಂತ ವಾಹನಕ್ಕೆ ಎ-ಆರ್. ಎರಡಕ್ಕೂ ಬೇರು ಒಂದೇ. ಹಿಂದೆ ಯುರೋಪಿನಲ್ಲಿ ಊರೂರು ಸುತ್ತಿ ಮಾರುವವರ ನಡುವೆ, ಒಂದೇ ಜಾಗದಲ್ಲಿ ಅಂಗಡಿ ಹಾಕಿ ಪುಸ್ತಕ ಮಾರುವವನಿಗೆ ಸ್ಟೇಷನರ್ ಎನ್ನುತ್ತಿದ್ದರು. ನಿಂತಲ್ಲೇ ನಿಂತವನ ಹೆಸರು ಕಾಗದ-ಪೆನ್ನಿಗೂ ಅಂಟಿತು.

ಸೊಸೈಟಿಯ ನೋಟಿಸಿನಲ್ಲಿ ನೀರು ಬರುವುದಿಲ್ಲ ಎಂದು ಬರೆಯಬೇಕು. ಅಫೆಕ್ಟೋ ಎಫೆಕ್ಟೋ?

‘ನಾಳೆ ನೀರಿನ ಸರಬರಾಜಿಗೆ ಅಡಚಣೆ ಆಗುತ್ತದೆ’ ಎಂಬ ಅರ್ಥದಲ್ಲಿ ‘ಎ’ಯಿಂದ ಶುರುವಾಗುವ ಅಫೆಕ್ಟೆಡ್. ಅದು ಕ್ರಿಯಾಪದ. ಪರಿಣಾಮ ಎಂಬ ನಾಮಪದಕ್ಕೆ ‘ಇ’. ಕನ್ನಡದಲ್ಲಿ ನಾವು ಎರಡಕ್ಕೂ ‘ಎಫೆಕ್ಟ್ ಆಯ್ತು’ ಎಂದೇ ಮಾತಾಡುವುದರಿಂದ ಬಾಯಿಯ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಪದದ ಮುಂಚೆ ‘ದಿ’ ಅಥವಾ ‘ಆ್ಯನ್’ ಕೂರುತ್ತದೆಯೇ ನೋಡಿ, ಕೂತರೆ ‘ಇ’. ಆಫೀಸ್ ಸರ್ಕ್ಯುಲರುಗಳಲ್ಲಿ ತಾರೀಕಿನ ಮುಂಚೆ ಡಬ್ಲ್ಯೂ-ಇ-ಎಫ್ ಎಂದಿರುತ್ತದಲ್ಲ, ‘ವಿತ್ ಎಫೆಕ್ಟ್ ಫ್ರಮ್’? ಅದರ ನಡುವಿನ ‘ಇ’ಯನ್ನು ನೆನಪಿಟ್ಟರೂ ಆಯಿತು. ‘ಇ’ ಇರುವುದನ್ನು ಕ್ರಿಯಾಪದವಾಗಿ, ಜಾರಿಗೆ ತರು ಎಂಬರ್ಥದಲ್ಲಿ ಬಳಸುವುದೂ ಉಂಟು, ಆದರೆ ಸೊಸೈಟಿ ನೋಟಿಸಿಗೆ ಅದರ ಹಂಗು ಬೇಡ.

ತಂದೆ ತೀರಿಕೊಂಡ ಮೇಲೆ ಫ್ಲ್ಯಾಟಿನ ಕಾಗದದಲ್ಲಿ ‘ಲೀಗಲ್ ಹೇರ್’ ಎಂದು ಬರೆದು ಕೊಟ್ಟೆ, ವಾಪಸ್ ಬಂತು.

ಕೂದಲಿನ ಹೇರ್ ಎಚ್-ಎ-ಐ-ಆರ್. ವಾರಸುದಾರ ಎಚ್-ಇ-ಐ-ಆರ್, ಆದರೆ ಅಲ್ಲಿ ಎಚ್‌ಗೆ ಬಾಯಿಲ್ಲ. ಅದನ್ನು ಗಾಳಿಯ ‘ಏರ್’ ಹಾಗೆಯೇ ಹೇಳಬೇಕು. ‘ಲೀಗಲ್ ಏರ್’ ಎನ್ನಿ, ಬರೆಯುವಾಗ ಎಚ್ ಸೇರಿಸಿ. ಗಂಟೆಯ ಅವರ್, ಪ್ರಾಮಾಣಿಕನ ಆನೆಸ್ಟ್ ಸಹ ಇದೇ ಗುಂಪು. ಮಂಡ್ಯ ಮೈಸೂರು ಕಡೆಯಿಂದ ಬಂದ ಕೆಲವರಿಗೆ ಕನ್ನಡದಲ್ಲೇ ಹಾಲು ‘ಆಲು’ ಆಗುವುದುಂಟು. ಅವರು ಇಂಗ್ಲಿಷಿನಲ್ಲಿ ಗುಡ್ಡದ ಹಿಲ್ ಮತ್ತು ಕಾಯಿಲೆಯ ಇಲ್ ಬೇರೆ ಮಾಡಲು ಶ್ರಮಪಡಬೇಕು. ಅತಿ ಎಚ್ಚರಿಕೆಯಲ್ಲಿ ಬೇಡದ ಕಡೆ ‘ಹ’ ತುರುಕುವವರೂ ಇದ್ದಾರೆ.

ಬ್ಯಾಂಕಿನ ಕಾಗದಗಳಲ್ಲಿ?

ಸಾಲದ ಅಸಲಿಗೆ ಪಿ-ಎ-ಎಲ್‌ನಲ್ಲಿ ಮುಗಿಯುವ ಪ್ರಿನ್ಸಿಪಲ್. ಮುಖ್ಯವಾದದ್ದು ಎಂಬರ್ಥಕ್ಕೆ, ಕಾಲೇಜಿನ ಪ್ರಿನ್ಸಿಪಾಲರಿಗೂ ಅದೇ. ಪಿ-ಎಲ್-ಇ ಆದರೆ ತತ್ತ್ವ, ನಿಯಮ, ಅಷ್ಟೇ. ಇಎಂಐ ಕಟ್ಟುವಾಗ ಕಡಿಮೆಯಾಗುವುದು ಅಸಲು, ತತ್ತ್ವ ಅಲ್ಲ.

ಚೆಕ್ಕಿಗೆ ನಮ್ಮಲ್ಲಿ ಕ್ಯೂ-ಯು-ಇ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್‌ನಲ್ಲೂ ಹಾಗೆಯೇ ಇದೆ. ಪರೀಕ್ಷಿಸಿ ನೋಡುವುದಕ್ಕೆ ಸಿ-ಕೆ. ಚೆಕ್ಕಿನಲ್ಲಿ ಮೊತ್ತ ಬರೆಯುವಾಗ ಗಮನಿಸಿ, ನಾಲ್ಕಕ್ಕೂ ಹದಿನಾಲ್ಕಕ್ಕೂ ‘ಯು’ ಇದೆ, ನಲವತ್ತಕ್ಕೆ ಇಲ್ಲ. ಸಾಲ ಮನ್ನಾದ ವೇವ್‌ಗೆ ನಡುವೆ ‘ಐ’ ಇದೆ, ಸಮುದ್ರದ ಅಲೆಗೆ ಇಲ್ಲ.

ಲೈಸೆನ್ಸ್, ಪ್ರ್ಯಾಕ್ಟೀಸ್: ಒಮ್ಮೆ ‘ಸಿ’, ಒಮ್ಮೆ ‘ಎಸ್’ ಕಾಣುತ್ತದೆ.

ಬ್ರಿಟಿಷ್ ರೂಢಿಯಲ್ಲಿ ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. ಕೈಯಲ್ಲಿ ಹಿಡಿಯುವ ಡ್ರೈವಿಂಗ್ ಲೈಸೆನ್ಸಿಗೆ ‘ಸಿ’. 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಹಾಗೇ. ಗೊಂದಲವಾದಾಗ ಅಡ್ವೈಸ್ ಪದವನ್ನು ತಂದು ನೋಡಿ. ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ಕೊಡು ಎಂಬ ಕ್ರಿಯೆಗೆ ‘ಎಸ್’. ಅಲ್ಲಿ ಉಚ್ಚಾರವೂ ಬೇರೆ, ಕ್ರಿಯೆಯದು ಮತ್ತದೇ ‘ಝಡ್’ ಧ್ವನಿ.

ಊರಿಗೆ ಹೋಗುವಾಗ ಅಮ್ಮನಿಗೆ ಲೋಯರ್ ಬರ್ತ್ ಕೇಳಿ ಅರ್ಜಿ ಬರೆಯಬೇಕು.

ಬಿ-ಇ-ಆರ್-ಟಿ-ಎಚ್. ‘ಇ’ ಬದಲು ‘ಐ’ ಹಾಕಿದರೆ ಅಮ್ಮನಿಗೆ ಕೀಳು ಜನ್ಮ ಕೊಡಿ ಎಂದು ಕೊಂಕಣ ರೈಲ್ವೆಯನ್ನು ಕೇಳಿಕೊಂಡ ಹಾಗಾಗುತ್ತದೆ. ಮುರ್ಮಗೋವಾ ಬಂದರಿನಲ್ಲಿ ಹಡಗು ನಿಲ್ಲುವ ಜಾಗವೂ ‘ಇ’ ಇರುವ ಬರ್ತ್.

ಪ್ರಯಾಣ ದರದ ಫೇರ್ ಎಫ್-ಎ-ಆರ್-ಇ. ಅದರ ಹಳೆಯ ಅರ್ಥವೇ ಹೋಗುವುದು, ಫೇರ್‌ವೆಲ್‌ನಲ್ಲಿ ಇನ್ನೂ ಉಳಿದಿದೆ. ಜಾತ್ರೆಗೆ, ನ್ಯಾಯಕ್ಕೆ ಎ-ಐ-ಆರ್. ರಿಕ್ಷಾದಲ್ಲಿ ಓಡುವ ಯಂತ್ರ ಇ-ಆರ್ ಮೀಟರ್, ಅದು ಲೆಕ್ಕ ಹಾಕುವ ಕಿಲೋಮೀಟರಿಗೆ ಆರ್-ಇ.

ಗೋವಾದಲ್ಲಿದ್ದೇವೆ. ಕೌನ್ಸಿಲ್, ಕೌನ್ಸೆಲ್ ಯಾವುದು ಯಾವುದು?

ಮಡಗಾಂವ್, ಮಾಪ್ಸಾಗಳ ಪುರಸಭೆ ಸಿ-ಐ-ಎಲ್ ಕೌನ್ಸಿಲ್. ಪಣಜಿಗೆ ಮಾತ್ರ ಕಾರ್ಪೊರೇಷನ್ ಇದೆ. ಸಲಹೆಗೆ, ಹೈಕೋರ್ಟಿನಲ್ಲಿ ನಿಮ್ಮ ಪರ ವಾದಿಸುವ ವಕೀಲರಿಗೆ ಎಸ್-ಇ-ಎಲ್ ಕೌನ್ಸೆಲ್. ವಾರ್ಡಿನ ಚರಂಡಿಯ ದೂರು ನಡುವೆ ‘ಸಿ’ ಇರುವ ಕೌನ್ಸಿಲರಿಗೆ, ಮಗನ ಪರೀಕ್ಷೆಯ ಭಯ ‘ಎಸ್’ ಇರುವ ಕೌನ್ಸೆಲರಿಗೆ. ಪಣಜಿಯಿಂದ ಬೇತಿಗೆ ಮಾಂಡವಿ ನದಿ ದಾಟಿಸುವುದು ಎರಡು ‘ಆರ್’ ಇರುವ ಫೆರಿ, ಹ್ರಸ್ವ. ದೀರ್ಘ ಎಳೆದು ಎ-ಐ ಹಾಕಿದರೆ ಯಕ್ಷಿಣಿ ದಾಟಿಸಬೇಕಾಗುತ್ತದೆ.

ಆಫೀಸ್ ಮೇಲ್‌ನಲ್ಲಿ ನಗೆಪಾಟಲಾಗುವ ತಪ್ಪು ಯಾವುದು?

‘ಸ್ವಲ್ಪ ಸಹಿಸಿಕೊಳ್ಳಿ’ ಎನ್ನಲು ಬರೆಯುವ ‘ಬೇರ್ ವಿತ್ ಮಿ’. ಇದಕ್ಕೆ ಕರಡಿಯ ಸ್ಪೆಲ್ಲಿಂಗೇ ಸರಿ, ಬಿ-ಇ-ಎ-ಆರ್. ಬಿ-ಎ-ಆರ್-ಇ ಎಂದರೆ ಬೆತ್ತಲೆ. ಎರಡನೆಯ ಸ್ಥಾನ ರಾಜೀನಾಮೆ ಪತ್ರಗಳಿಗೆ: ನನ್ನ ರಾಜೀನಾಮೆಯನ್ನು ಅಕ್ಸೆಪ್ಟ್ ಮಾಡಿ ಎನ್ನುವಲ್ಲಿ ‘ಎಕ್ಸೆಪ್ಟ್’ ಬರೆದು, ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ತಗೊಳ್ಳಿ ಎಂದ ಹಾಗೆ ಮಾಡುವುದು.

‘ಇಟ್ಸ್’ ವಿಷಯದಲ್ಲಿ ಮೇಲಿನ ಕೊಂಬು, ಅಂದರೆ ಅಪಾಸ್ಟ್ರಫಿ, ಬಿಟ್ಟುಹೋದ ಅಕ್ಷರದ ಗುರುತು, ಒಡೆತನದ್ದಲ್ಲ. ‘ಇಟ್ ಈಸ್’ ಎಂದು ಬಿಡಿಸಿ ಓದಿ. ಅರ್ಥ ಕೂತರೆ ಕೊಂಬು ಬೇಕು, ಇಲ್ಲದಿದ್ದರೆ ಬೇಡ. ನಿಮ್ಮ ‘ಯುವರ್’ಗೂ ‘ಯು ಆರ್’ಗೂ ಇದೇ ಪರೀಕ್ಷೆ.

ಸ್ಪೆಲ್‌ಚೆಕ್ ಇರುವಾಗ ಇಷ್ಟೆಲ್ಲ ಯಾಕೆ?

ಸ್ಪೆಲ್‌ಚೆಕ್ ನೋಡುವುದು ಅಂಥ ಪದ ಇದೆಯೇ ಎಂದು. ಬೆತ್ತಲೆಯ ಬೇರ್ ಕೂಡ ಒಳ್ಳೆಯ ಇಂಗ್ಲಿಷ್ ಪದವೇ, ಕೆಂಪು ಗೆರೆ ಬೀಳುವುದಿಲ್ಲ. ಹೊಸ ಆ್ಯಪ್‌ಗಳು ವಾಕ್ಯ ನೋಡಿ ಕೆಲವನ್ನು ಹಿಡಿಯುತ್ತವೆ, ಕೆಲವನ್ನು ಸರಿ ಇದ್ದರೂ ಕೆಡಿಸುತ್ತವೆ. ಫೋನಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸುವವರು ಇನ್ನೂ ಜಾಗ್ರತೆಯಾಗಿರಬೇಕು. ನಮ್ಮ ಬಾಯಲ್ಲಿ ಒಂದಾದ ಪದಗಳನ್ನು ಅದು ತನಗೆ ತೋಚಿದ ಹಾಗೆ ಬರೆದುಕೊಳ್ಳುತ್ತದೆ.

ಪುಣೆಯ ಐಟಿ ಕಂಪನಿಯಲ್ಲಿದ್ದೇನೆ, ಕ್ಲೈಂಟ್ ಅಮೆರಿಕದವರು. ಯಾರ ಸ್ಪೆಲ್ಲಿಂಗ್ ಬರೆಯಲಿ?

ಅವರಿಗೆ ಹೋಗುವ ಕಾಗದದಲ್ಲಿ ಅವರದು. ಅವರಿಗೆ ಚೆಕ್ಕು ಸಿ-ಕೆ, ಲೈಸೆನ್ಸ್ ಯಾವಾಗಲೂ ‘ಎಸ್’, ಪ್ರ್ಯಾಕ್ಟೀಸ್ ಯಾವಾಗಲೂ ‘ಸಿ’, ಉದ್ದ ಅಳೆಯುವ ಮೀಟರೂ ಇ-ಆರ್, ಗಾಡಿಯ ಟಯರಿಗೆ ‘ವೈ’ ಬದಲು ‘ಐ’, ಕಟ್ಟಡದ ಮಹಡಿಗೂ ಕತೆಗೂ ಒಂದೇ ಸ್ಟೋರಿ. ನಮ್ಮಲ್ಲಿ ಮಹಡಿಗೆ ವೈ ಮುಂಚೆ ಒಂದು ‘ಇ’ ಬರುತ್ತದೆ. ಕಂಪ್ಯೂಟರಿನ ಭಾಷೆಯ ಸೆಟ್ಟಿಂಗಿನಲ್ಲಿ ಇಂಗ್ಲಿಷ್ ಇಂಡಿಯಾ ಬದಲು ಇಂಗ್ಲಿಷ್ ಯುಎಸ್ ಆರಿಸಿಕೊಂಡರೆ ಇದರಲ್ಲಿ ಬಹುಪಾಲು ಅದೇ ತೋರಿಸುತ್ತದೆ. ಒಂದೇ ಕಾಗದದಲ್ಲಿ ಎರಡೂ ಬೆರೆಸಬೇಡಿ. ಸಂಸ್ಥೆ, ಕಟ್ಟಡ, ಕಾಯ್ದೆಗಳ ಹೆಸರನ್ನು ಮಾತ್ರ ಯಾವ ದೇಶಕ್ಕೆ ಬರೆದರೂ ಅವರು ಇಟ್ಟುಕೊಂಡ ಹಾಗೆಯೇ ಬಿಡಿ.